ಜೀನಿನ ಅಳತೆ

ಓಜಿಮಾ, ಟೋಕಿಯೋ
18 ಮೇ 2024

ರೀ,

ಫೋನ್ ಮಾಡಬೇಡಿ. ಇದನ್ನು ಹೇಳುವುದಕ್ಕೂ ನಾನು ಫೋನ್ ಮಾಡಲಾರೆ, ಅದಕ್ಕೇ ಈ ಕಾಗದ. ನಿನ್ನೆ ನಿಮ್ಮ ಕರೆ ಬಂದಾಗ ಫೋನು ಊಟದ ಮೇಜಿನ ಮೇಲೆ ಗುರ್ರೆನ್ನುತ್ತಾ ಅಂಚಿನ ತನಕ ತೆವಳಿಕೊಂಡು ಬಂತು. ನಾನು ಸುಮ್ಮನೆ ನೋಡುತ್ತಾ ಕೂತಿದ್ದೆ. ಜನವರಿಯಲ್ಲಿ ಆಸ್ಪತ್ರೆಯಿಂದ ಆ ಕರೆ ಬಂದ ಮೇಲೆ ನನಗೆ ಆ ಸದ್ದೇ ಆಗುವುದಿಲ್ಲ. ಮೆಸೇಜೂ ಬೇಡ. ನಾನು ಓದಿದೆ ಅಂತ ಗೊತ್ತಾದ ಕೂಡಲೇ ನೀವು ಉತ್ತರಕ್ಕೆ ಕಾಯುತ್ತೀರಿ. ಕಾಗದವಾದರೆ ಮನಸ್ಸು ಬಂದಾಗ ಬಿಚ್ಚಬಹುದು.

ಕ್ಷೇಮ ಅಂತ ಬರೆಯುವುದು ರೂಢಿ. ಅದನ್ನು ಬಿಟ್ಟಿದ್ದೇನೆ, ನೀವೂ ಬಿಡಿ.

"ಯುಜೂನ ಒಂದ್ಸಲ ನೋಡ್ಕೊಂಡು ವಾರದಲ್ಲಿ ಬರ್ತೀನಿ" ಅಂತ ಹೊರಟವರು ನೀವು. ತಿಂಗಳಾಯಿತು. ಯುಜು ನಮ್ಮ ರಕ್ಷಾ ಸವಾರಿ ಕಲಿತ ಕುದುರೆ, ಚಿಬಾದ ಕ್ಲಬ್ಬಿನವರು ವಯಸ್ಸಾಯಿತೆಂದು ಅದನ್ನು ಹೊಕ್ಕೈದೋಗೆ ಕಳಿಸಿದರು, ಸರಿ. ಅದು ಅಲ್ಲಿ ಹುಲ್ಲು ತಿಂದುಕೊಂಡು ಸುಖವಾಗಿದೆ ಅಂತ ನೀವೇ ಮೆಸೇಜು ಹಾಕಿದ್ದಿರಿ. ಇನ್ನೇನು ನೋಡುವುದಿದೆ? ನಿಮ್ಮ ಆಫೀಸಿನ ಅಶೋಕ ಎರಡು ಸಲ ಮನೆಗೆ ಬಂದು ಹೋದರು. "ಮಧುಕರ್ ಎಷ್ಟ್ ದಿನ ಬೇಕಾದ್ರೂ ತಗೊಳ್ಳಲಿ ಮೇಡಂ, ಆದ್ರೆ ಒಂದು ಡೇಟ್ ಹೇಳ್ಲಿ" ಅಂದರು. ನನಗೆ ಗೊತ್ತಿರುವ ಡೇಟು ಒಂದೇ, ಅದನ್ನು ಅವರಿಗೆ ಹೇಳಿ ಏನು ಪ್ರಯೋಜನ.

ಪಕ್ಕದ ಬ್ಲಾಕಿನ ಅನು ದಿನ ಬಿಟ್ಟು ದಿನ ಬಿಸಿಬೇಳೆಬಾತ್ ತಂದುಕೊಟ್ಟು, ನಾನು ಅಳುತ್ತೇನೋ ಅಂತ ಎದುರು ಕೂತು ನೋಡುತ್ತಾಳೆ. ಪಾಪ, ಬರಿಗೈಯಲ್ಲಿ ವಾಪಸ್ ಹೋಗುತ್ತಾಳೆ. ನನಗೆ ಇನ್ನೂ ಅಳು ಬಂದಿಲ್ಲ ರೀ. ಎರಡೇ ದಿನದ ಜ್ವರ, ಹನ್ನೆರಡು ತುಂಬದ ಮಗು, ಯಾರಾದರೂ ಹೇಳಿದರೆ ಕೇಳಿಯೇ ಎದೆ ಒಡೆಯುತ್ತದೆ. ನನ್ನ ಎದೆಗೆ ಏನೂ ಆಗಿಲ್ಲ. ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ಕೆನ್ನೆ ಇರುತ್ತದಲ್ಲ, ಹಾಗಿದೆ. ಅನ್ನದ ರುಚಿಯೂ ತಿಳಿಯುವುದಿಲ್ಲ.

ಯಾವಾಗ ಬರುತ್ತೀರಿ ಅಂತ ಬರೆಯಿರಿ.

ನೀರಜಾ


ಹಿದಾಕಾ, ಹೊಕ್ಕೈದೋ
9 ಜೂನ್ 2024

ನೀರೂ,

ನಿನ್ನ ಕಾಗದ ಬಂದು ಎರಡು ವಾರವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಯಾವ ತಾರೀಕು ಹಾಕಲಿ ಅಂತ ತಿಳಿಯದೆ ಎದ್ದುಬಿಡುತ್ತಿದ್ದೆ. ಈಗಲೂ ತಿಳಿದಿಲ್ಲ. ನಡೆದದ್ದನ್ನು ಹೇಳುತ್ತೇನೆ.

ಯುಜು ಚೆನ್ನಾಗಿದ್ದಾಳೆ. ನನ್ನ ಗುರುತು ಹಿಡಿಯಲಿಲ್ಲ, ನನ್ನ ಹಿಂದೆ ಯಾರಾದರೂ ಬರುತ್ತಾರೇನೋ ಅಂತ ಗೇಟಿನ ಕಡೆ ನೋಡಿದಳು. ಅವಳ ಹಳೆಯ ಜೀನು ಬಿರುಕು ಬಿಟ್ಟಿತ್ತು. ರಿಪೇರಿ ಆಗುತ್ತದೇನೋ ಕೇಳೋಣ ಅಂತ ಊರಿನಲ್ಲಿ ಜೀನು ಮಾಡುವವರ ಹತ್ತಿರ ತೆಗೆದುಕೊಂಡು ಹೋದೆ. ಹಾಮಾದಾ-ಸಾನ್ ಅಂತ, ಹೆಂಗಸು, ಅರವತ್ತು ದಾಟಿರಬೇಕು. ಅಪ್ಪನಿಂದ ಬಂದ ಅಂಗಡಿ. ಇಡೀ ದಿನ ರೇಡಿಯೋ ಹಾಕಿಕೊಂಡು ಬೇಸ್‌ಬಾಲ್ ತಂಡವನ್ನು ಬೈಯುತ್ತಾರೆ, ಕತ್ತರಿ ಎಲ್ಲಿಟ್ಟೆ ಅಂತ ಹುಡುಕುತ್ತಾರೆ, ಅದು ಅವರ ಏಪ್ರನ್ನಿನ ಜೇಬಿನಲ್ಲೇ ಇರುತ್ತದೆ. ಹಳೆಯ ಜೀನನ್ನು ಒಂದು ಸಲ ತಿರುಗಿಸಿ ನೋಡಿ "ಇದು ಸತ್ತಿದೆ" ಅಂದರು. ಹೊಸದು ಮಾಡುವುದನ್ನು ನನಗೆ ಕಲಿಸುತ್ತೀರಾ ಅಂತ ಕೇಳಿಬಿಟ್ಟೆ. ಯಾಕೆ ಕೇಳಿದೆನೋ ದೇವರಿಗೇ ಗೊತ್ತು. "ಯಾರಿಗೆ?" ಅಂದರು. "ಮಗಳಿಗೆ" ಅಂದೆ.

ಹನ್ನೆರಡು ತುಂಬಿದ ಮೇಲೆ ನಿನ್ನದೇ ಜೀನು ಕೊಡಿಸ್ತೀನಿ ಅಂತ ಅವಳಿಗೆ ನಾನು ಹೇಳಿದ್ದು ನಿನಗೆ ನೆನಪಿರಬೇಕು. ಈ ತಿಂಗಳು ತುಂಬುತ್ತಿತ್ತು.

ಮೊದಲು ಕುದುರೆಯ ಬೆನ್ನಿನ ಅಳತೆ. ಬಗ್ಗುವ ಸೀಸದ ಪಟ್ಟಿಯನ್ನು ಹೆಗಲ ಮೇಲೆ ಒತ್ತಿ, ಆ ಬಾಗು ಕೆಡದಂತೆ ಎತ್ತಿ, ಕಾಗದದ ಮೇಲಿಟ್ಟು ಗೆರೆ ಎಳೆಯುವುದು. ಆಮೇಲೆ ಮರದ ಚೌಕಟ್ಟು. ಅದರ ಮೇಲೆ ಪಟ್ಟಿ, ಕ್ಯಾನ್ವಾಸು, ಉಣ್ಣೆ, ಕೊನೆಗೆ ಚರ್ಮ. ಕೂರುವ ಜಾಗಕ್ಕೆ ಅಂದಾಜು ಸಾಕಂತೆ. ಎರಡು ಪಕ್ಕಕ್ಕೆ ಇಳಿಯುವ ದೊಡ್ಡ ಹಾಳೆಗಳಿಗೆ ಮಾತ್ರ ಸವಾರರ ಕಾಲಿನ ಅಳತೆ ಬೇಕೇ ಬೇಕು, ಸೊಂಟದಿಂದ ಮೊಣಕಾಲಿನವರೆಗೆ. ಮೊಣಕಾಲು ಹಾಳೆಯಿಂದ ಆಚೆ ಹೋಗಬಾರದು.

ಕಪಾಟಿನ ಕೆಳಗಿನ ಖಾನೆಯಲ್ಲಿ ಅವಳ ಸವಾರಿ ಪ್ಯಾಂಟು ಇದೆ. ಅಳೆದು ಕಳಿಸುತ್ತೀಯಾ?

ಮಧು


ಓಜಿಮಾ
30 ಜೂನ್ 2024

ರೀ,

ಇಲ್ಲ, ಕಳಿಸುವುದಿಲ್ಲ.

ಅಂಗಿಯ ಗುಂಡಿ ಕಿತ್ತುಬಂದರೆ ಆಫೀಸಿಗೆ ಸ್ವೆಟರ್ ಹಾಕಿಕೊಂಡು ಹೋಗುತ್ತಿದ್ದ ಮಹಾನುಭಾವರು ನೀವು. ಜೂನ್ ತಿಂಗಳಲ್ಲಿ ಸ್ವೆಟರು! ಈಗ ಜೀನು ಹೊಲಿಯುತ್ತೀರಂತೆ. ಮೈಸೂರಿನಲ್ಲಿ ನಿಮ್ಮಮ್ಮ ಬೆಲ್ಟ್ ಮುಟ್ಟಿದರೆ ಕೈ ತೊಳೆಯುತ್ತಾರೆ. ಮಗ ಹೊಕ್ಕೈದೋದಲ್ಲಿ ಏನು ಮಾಡುತ್ತಿದ್ದಾನೆ ಅಂತ ಕೇಳಿದರೆ ನಾನೇನು ಹೇಳಲಿ? ಪ್ರಾಜೆಕ್ಟು ಅಂದಿದ್ದೇನೆ. ಅದು ಯಾವ ಪ್ರಾಣಿಯ ಚರ್ಮ ಅಂತ ನಾನು ಕೇಳುವುದಿಲ್ಲ, ನೀವೂ ಹೇಳಬೇಡಿ.

ಕೋಪಕ್ಕೆ ಬರೆಯುತ್ತಿದ್ದೇನೆ ಅಂದುಕೊಳ್ಳಬೇಡಿ. ಕೋಪ ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು. ಆ ಕಪಾಟನ್ನು ನಾನು ತೆರೆದಿಲ್ಲ, ಅಷ್ಟೇ. ಅದರ ಮುಂದೆ ಇಸ್ತ್ರಿ ಮೇಜು ಇಟ್ಟಿದ್ದೇನೆ.

ಇಲ್ಲಿ ಮಳೆ ಹಿಡಿದಿದೆ. ಬಟ್ಟೆ ಒಣಗುವುದಿಲ್ಲ. ಮೊನ್ನೆ ಮೂಲೆಯ ಕೊಂಬಿನಿ ಅಂಗಡಿಗೆ ಹಾಲಿಗೆ ಹೋಗಿ ಅವಳ ಸ್ಟ್ರಾಬೆರಿ ಮೊಸರನ್ನೂ ತಂದುಬಿಟ್ಟಿದ್ದೇನೆ. ಮನೆಗೆ ಬಂದು ಚೀಲ ಬಿಚ್ಚಿದ ಮೇಲೇ ಗೊತ್ತಾಗಿದ್ದು. ಫ್ರಿಜ್ಜಿನಲ್ಲಿಟ್ಟೆ. ಅದರ ಅವಧಿ ಮುಗಿಯಿತು, ಇನ್ನೂ ಅಲ್ಲೇ ಇದೆ. ಫುನಾಬೊರಿಯ ಭಾನುವಾರದ ಕನ್ನಡ ಕ್ಲಾಸಿಗೆ ಪಾಠ ಹೇಳಲೂ ಹೋಗುತ್ತಿಲ್ಲ. ಕ್ಲಾಸಿನ ನಿಧಿಯ ತಾಯಿ "ಮಕ್ಳು ನಿಮ್ಮನ್ನೇ ಕೇಳ್ತಾವೆ" ಅಂದರು. ಮಕ್ಕಳ ತಲೆ ಎಣಿಸಿದರೆ ಒಂದು ಕಡಿಮೆ ಬೀಳುತ್ತದೆ, ಅದನ್ನು ಅವರಿಗೆ ಹೇಳಲು ಹೋಗಲಿಲ್ಲ.

ಯಾವಾಗ ಬರುತ್ತೀರಿ ಅಂತ ಕೇಳಿದ್ದೆ. ಜೀನು ಹೇಗೆ ಮಾಡುತ್ತಾರೆ ಅಂತ ಕೇಳಿರಲಿಲ್ಲ.

ನೀರಜಾ


ಹಿದಾಕಾ
18 ಆಗಸ್ಟ್ 2024

ನೀರೂ,

ನೀನು ಕೇಳದಿದ್ದರೂ ಜೀನಿನ ಸಮಾಚಾರವನ್ನೇ ಬರೆಯುತ್ತಿದ್ದೇನೆ. ಬೇರೆ ಏನು ಬರೆಯಲು ಹೊರಟರೂ ಕೈ ನಿಲ್ಲುತ್ತದೆ. ಸಂಬಳವಿಲ್ಲದ ರಜೆಗೆ ಅಶೋಕನಿಗೆ ಮೇಲ್ ಹಾಕಿದೆ. ಒಪ್ಪಿದ್ದಾನೆ.

ಬೇಸಿಗೆಯೆಲ್ಲ ಹೊಲಿಗೆ ಕಲಿತದ್ದೇ ಆಯಿತು. ಚರ್ಮವನ್ನು ಮರದ ಇಕ್ಕಳದಲ್ಲಿ ಸಿಕ್ಕಿಸಿ, ಆ ಇಕ್ಕಳವನ್ನು ತೊಡೆಗಳ ನಡುವೆ ಅದುಮಿ ಹಿಡಿದು ಕೂರಬೇಕು. ಒಂದೇ ನಾರಿನ ದಾರ, ಅದಕ್ಕೆ ಜೇನುಮೇಣ ಸವರಿ ಎರಡು ತುದಿಗೂ ಒಂದೊಂದು ಸೂಜಿ. ಆರೆಯಿಂದ ತೂತು ಚುಚ್ಚಿದ ಮೇಲೆ ಎರಡು ಸೂಜಿಯೂ ಅದೇ ತೂತಿನಲ್ಲಿ ಎದುರುಬದುರಾಗಿ ದಾಟಬೇಕು. ಒಂದು ಕಡೆಯ ದಾರ ಸವೆದು ಹರಿದರೂ ಇನ್ನೊಂದು ಕಡೆಯದು ಹಿಡಿದಿರುತ್ತದಂತೆ. ಮಿಷನ್ನಿನ ಹೊಲಿಗೆ ಹಾಗಲ್ಲ, ಒಂದು ಬಿಟ್ಟರೆ ಎಲ್ಲ ಬಿಡುತ್ತದೆ.

ನಾನು ಜೋರಾಗಿ ಎಳೆಯುತ್ತೇನೆ ಅಂತ ಹಾಮಾದಾ-ಸಾನ್ ದಿನಾ ಬೈಯುತ್ತಾರೆ. "ಮೀನು ಹಿಡೀತಿದೀಯಾ? ಚರ್ಮ ಕುಯ್ದುಹೋಗತ್ತೆ, ನಿಧಾನ!" ಜೀನನ್ನು ಕುದುರೆಗೆ ಬಿಗಿಯುವ ಹೊಟ್ಟೆಪಟ್ಟಿಯನ್ನು ಮೂರು ಸಲ ಬಿಚ್ಚಿಸಿದರು. ಬೆರಳ ತುದಿಗಳು ಮರಗಟ್ಟಿವೆ. ಮೊದಮೊದಲು ರಕ್ತ ಬರುತ್ತಿತ್ತು, ಈಗ ಸೂಜಿ ಚುಚ್ಚಿದರೂ ತಿಳಿಯುವುದಿಲ್ಲ. ನನಗೆ ಅದೇ ಹಿತವಾಗಿದೆ. ಬೆಳಿಗ್ಗೆ ಹೋಗುತ್ತೇನೆ, ಸಂಜೆ ಯುಜುಗೆ ಕ್ಯಾರೆಟ್ ಕೊಟ್ಟು ರೂಮಿಗೆ ಬಂದು ಮಲಗುತ್ತೇನೆ. ತಲೆಯೊಳಗೆ ತೂತು ಬಿಟ್ಟರೆ ದಾರ, ದಾರ ಬಿಟ್ಟರೆ ತೂತು.

ಕಾಲಿನ ಅಳತೆ ಇನ್ನೂ ಬಾಕಿ ಇದೆ. ಅಂದಾಜು ಮಾಡೋಣ ಅಂತ ಕಣ್ಣು ಮುಚ್ಚಿ ನೋಡಿದೆ. ಸೋಫಾದ ಮೇಲೆ ಕಾಲು ಚಾಚಿ ಓದುತ್ತಿದ್ದಳಲ್ಲ, ಪಾದ ಸೋಫಾದ ಯಾವ ಹೊಲಿಗೆಯ ತನಕ ಬರುತ್ತಿತ್ತು ಅಂತ. ಒಂದು ದಿನ ಒಂದು ಬರುತ್ತದೆ, ಇನ್ನೊಂದು ದಿನ ಇನ್ನೊಂದು. ಹೆದರಿಕೆಯಾಯಿತು. ಆಮೇಲೆ ಆ ಪ್ರಯತ್ನ ಬಿಟ್ಟೆ.

ಹಾಮಾದಾ-ಸಾನ್ ನಮ್ಮ ಮನೆಯ ವಿಳಾಸ ಕೇಳಿದರು. ನಿನ್ನ ಕಾಗದದ ಕವರು ತೋರಿಸಿದೆ.

ಊಟ ಮಾಡು.

ಮಧು


ಓಜಿಮಾ
16 ಸೆಪ್ಟೆಂಬರ್ 2024

ಮಧುಕರ್ ಅವರೇ,

ಮಂಗಳವಾರ ಕೊರಿಯರ್‌ನವನು ಬಂದ. ಬಾಗಿಲಲ್ಲಿ ನಿಂತು ಪೆಟ್ಟಿಗೆಯ ಮೇಲಿನ ಹೆಸರು ಓದಿದ. "ರಾಕು-ಚಾನ್ ಮನೆಯಲ್ಲಿದ್ದಾರಾ?" ಅಂದ. ನಾನು "ಹೈ", ಹೌದು, ಅಂದೆ. ನಾಲಿಗೆ ತಾನಾಗಿಯೇ ಅಂದುಬಿಟ್ಟಿತು. ಸಹಿ ಮಾಡಿ, ಅರಿಗಾತೋ ಹೇಳಿ ಬಾಗಿಲು ಹಾಕಿಕೊಂಡೆ.

ಕ್ಲಬ್ಬಿನವರ ಬಾಯಲ್ಲಿ ರಕ್ಷಾ ಹೊರಡದೆ ರಾಕು ಆಗಿದ್ದಳಲ್ಲ, ಅದೇ ಹೆಸರು ನಿಮ್ಮ ಹಾಮಾದಾ-ಸಾನ್‌ಗೆ ಹೇಗೆ ತಿಳಿಯಿತು? ನೀವು ಹೇಳಿದ್ದೀರಿ. ಇನ್ನೂ ಏನೇನು ಹೇಳಿದ್ದೀರಿ? ಪೆಟ್ಟಿಗೆಯಲ್ಲಿ ಚರ್ಮದ ಒಂದು ಪುಟ್ಟ ಕುದುರೆ, ಬ್ಯಾಗಿಗೆ ತೂಗುಹಾಕುವಂಥದ್ದು. ಮಗು ಓದಲಿ ಅಂತ ಸುಲಭದ ಅಕ್ಷರಗಳಲ್ಲಿ ನಾಲ್ಕು ಸಾಲಿನ ಚೀಟಿ. ಅಪ್ಪ ನಿನ್ನ ಜೀನನ್ನು ಬಹಳ ನಿಧಾನವಾಗಿ ಹೊಲಿಯುತ್ತಿದ್ದಾರೆ, ಬೈಯಬೇಡ. ಶಾಲೆಗೆ ರಜೆ ಬಂದಾಗ ನೀನೇ ಬಾ, ಕಾಲು ಅಳೆಯೋಣ. ಯುಜು ಕಾಯುತ್ತಿದ್ದಾಳೆ.

ಆ ಹೆಂಗಸಿಗೆ ನೀವು ಹೇಳಿಲ್ಲ. ಮೂರು ತಿಂಗಳಿಂದ ಅವರ ಎದುರು ಕೂತು ಹೊಲಿಯುತ್ತಿದ್ದೀರಿ, ನಮ್ಮ ಮಗಳು ಟೋಕಿಯೋದಲ್ಲಿ ಶಾಲೆಗೆ ಹೋಗುತ್ತಿದ್ದಾಳೆ ಅಂತ ಅವರು ನಂಬಿದ್ದಾರೆ. ನಾಚಿಕೆ ಆಗಲಿಲ್ಲವೇ ನಿಮಗೆ? ನಾನಿಲ್ಲಿ ಶಾಲೆಗೆ ಹೋಗಿ ಅವಳ ಲಾಕರ್ ಖಾಲಿ ಮಾಡಿಕೊಂಡು ಬಂದೆ. ವಾರ್ಡ್ ಆಫೀಸಿನ ಕೌಂಟರಿನಲ್ಲಿ ನಿಂತು ಸುಮಿಮಾಸೆನ್, ಸುಮಿಮಾಸೆನ್ ಅಂತ ಕ್ಷಮೆ ಕೇಳುತ್ತಾ ಅವಳ ಹೆಸರು ತೆಗೆಸಿದೆ. ಹೇಳಬೇಕಾದ್ದನ್ನೆಲ್ಲ ನಾನೊಬ್ಬಳೇ ಹೇಳಿ ಮುಗಿಸಿದ್ದೇನೆ. ನಿಮ್ಮ ಪಾಲಿಗೆ ಹೇಳಲು ಇದ್ದವರು ಒಬ್ಬರೇ.

ಅವರಿಗೆ ಹೇಳಿ. ನೀವು ಹೇಳದಿದ್ದರೆ ನಾನು ಬರೆಯುತ್ತೇನೆ.

ಇನ್ನೊಂದು. ಡಿಸೆಂಬರ್ ಇಪ್ಪತ್ತಕ್ಕೆ ಮೈಸೂರಿಗೆ ಟಿಕೆಟ್ ಮಾಡಿದ್ದೇನೆ. ಜಾಹ್ನವಿ ಅಕ್ಕ ತನ್ನ ಮನೆಯ ಮೇಲಿನ ರೂಮು ಖಾಲಿ ಮಾಡಿಸಿಟ್ಟಿದ್ದಾಳೆ. ಒಂದೇ ಟಿಕೆಟ್, ವಾಪಸ್ ಬರುವುದಕ್ಕೆ ಮಾಡಿಲ್ಲ. ನೀವು ಅಲ್ಲಿ, ನಾನು ಇಲ್ಲಿ, ಇದಕ್ಕೆ ಸಂಸಾರ ಅಂತ ಯಾಕೆ ಅನ್ನಬೇಕು.

ಬರೆಯಬಾರದು ಅಂದುಕೊಂಡಿದ್ದೆ, ಆದರೂ ಬರೆಯುತ್ತೇನೆ. ಆ ಪೆಟ್ಟಿಗೆಯನ್ನು ಮೂರು ದಿನ ಬಿಚ್ಚದೆ ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ಅವಳ ಹೆಸರಿಗೆ ಬಂದ ಒಂದು ಸಾಮಾನು ಮನೆಯಲ್ಲಿತ್ತು. ಅವಳು ಶಾಲೆಯಿಂದ ಬಂದು ಬಿಚ್ಚುತ್ತಾಳೆ ಅನ್ನುವ ಹಾಗೆ ಅದರ ಪಕ್ಕ ಕತ್ತರಿಯನ್ನೂ ಇಟ್ಟಿದ್ದೆ. ಆ ಮೂರು ದಿನ ಚೆನ್ನಾಗಿತ್ತು.

ನೀರಜಾ


ಹಿದಾಕಾ
15 ಅಕ್ಟೋಬರ್ 2024

ನೀರೂ,

ಹೇಳಿದೆ. ನೀನು ಹೇಳು ಅಂದ ಕೂಡಲೇ ಹೇಳಲಿಲ್ಲ. ದಿನಾ ಬೆಳಿಗ್ಗೆ ಹೇಳಬೇಕೆಂದೇ ಹೋಗುತ್ತಿದ್ದೆ. ಹಾಮಾದಾ-ಸಾನ್ "ರಾಕು-ಚಾನ್‌ಗೆ ಕುದುರೆ ಇಷ್ಟವಾಯ್ತಾ?" ಅಂತ ಕೇಳುತ್ತಿದ್ದರು, ನಾನು ಇಷ್ಟವಾಯಿತು ಅನ್ನುತ್ತಿದ್ದೆ. ಆ ಅಂಗಡಿಯಲ್ಲಿ ಅವಳು ಇದ್ದಳು ನೀರೂ. ಹೇಳಿಬಿಟ್ಟರೆ ಅಲ್ಲೂ ಇರುವುದಿಲ್ಲ ಅನಿಸುತ್ತಿತ್ತು. ನಿನ್ನ ಮೂರು ದಿನವನ್ನು ನಾನು ನಾಲ್ಕು ತಿಂಗಳು ಮಾಡಿಕೊಂಡೆ.

ಹೇಗೆ ಹೇಳಿದೆ ಅಂತ ಕೇಳು. ಶುಕ್ರವಾರ ಆಯುಧಪೂಜೆ. ನೀನು ಪ್ರತಿ ವರ್ಷ ನನ್ನ ಲ್ಯಾಪ್‌ಟಾಪು, ರೈಸ್ ಕುಕ್ಕರು, ಮೂರು ಸೈಕಲ್ಲು, ರಕ್ಷಾಳ ಸವಾರಿ ಹೆಲ್ಮೆಟ್ಟು, ಎಲ್ಲಕ್ಕೂ ಅರಿಶಿನ ಕುಂಕುಮ ಇಡುತ್ತಿದ್ದೆ. ಹೊರಡುವಾಗ ನೀನು ಬ್ಯಾಗಿಗೆ ಹಾಕಿದ್ದ ಕುಂಕುಮದ ಡಬ್ಬಿ ನನ್ನ ಹತ್ತಿರ ಹಾಗೇ ಇತ್ತು. ಅಂಗಡಿಗೆ ಬೇಗ ಹೋಗಿ ಆರೆ, ಸುತ್ತಿಗೆ, ಇಕ್ಕಳ, ಎಲ್ಲಕ್ಕೂ ಇಟ್ಟೆ. ಕೈ ತಡೆಯಲಿಲ್ಲ, ಜೀನಿಗೂ ಇಟ್ಟೆ. ಹಿಂದಿನ ದಿನವಷ್ಟೇ ಕೂರುವ ಜಾಗದ ಚರ್ಮವನ್ನು ನೀರಿನಲ್ಲಿ ನೆನೆಸಿ, ಎಳೆದು, ಮೊಳೆ ಹೊಡೆದು ಒಣಗಲು ಬಿಟ್ಟಿದ್ದೆವು. ಬಣ್ಣ ಹಾಕದ ಚರ್ಮ, ಒಳಗೆಲ್ಲ ಇನ್ನೂ ಹಸಿ. ಮುಂಭಾಗದ ನಡುವಿಗೆ ಉಂಗುರಬೆರಳಿನಿಂದ ಇಟ್ಟ ಬೊಟ್ಟು ಕಣ್ಣೆದುರೇ ಒಳಗಿಳಿಯಿತು. ಒರೆಸಿದರೆ ಹೋಗುವುದು ಲ್ಯಾಪ್‌ಟಾಪಿನ ಮೇಲಿನದು ಮಾತ್ರ ಅಂತ ಆಗ ತಿಳಿಯಿತು.

ಹಾಮಾದಾ-ಸಾನ್ ಬಂದವರೇ ಕಿರುಚಿದರು. ಒದ್ದೆ ಬಟ್ಟೆ ತಂದು ಉಜ್ಜಿದರು, ಅದು ಅಂಗೈಯಷ್ಟಗಲ ಹರಡಿತು. "ತಲೆ ಕೆಟ್ಟಿದೆಯಾ ನಿನಗೆ? ಒಂದು ಇಡೀ ಸೀಟು ಹಾಳು! ನಿನ್ನ ಮಗಳು ಈ ಕಲೆ ಮೇಲೆ ಕೂರಬೇಕಾ?"

"ಅವಳು ಕೂರಲ್ಲ" ಅಂದೆ. "ಅವಳಿಲ್ಲ. ಜನವರಿಯಲ್ಲಿ ಹೋದಳು."

ಅವರು ರೇಡಿಯೋ ಆರಿಸಿದರು. ಒದ್ದೆ ಬಟ್ಟೆಯನ್ನು ಮಡಿಸಿ ಮೇಜಿನ ಮೇಲಿಟ್ಟರು. ಆಮೇಲೆ ಕೇಳಿದ್ದು ಒಂದೇ, "ಆ ಪಾರ್ಸೆಲ್ ಬಿಚ್ಚಿದ್ದು ನಿನ್ನ ಹೆಂಡತೀನಾ?" ಹೌದು ಅಂದೆ. ಏಪ್ರನ್ನಿನಿಂದ ಮುಖ ಮುಚ್ಚಿಕೊಂಡು ಒಳಗೆ ಹೋದರು. ನಿನ್ನೆ ಬಂದು ಎದುರು ಕೂತರು. "ಯಾರೂ ಕೂರದ ಜೀನು ನಾನು ಮಾಡಿಸಲ್ಲ. ಕೂರದಿದ್ದರೆ ಚರ್ಮ ಒಣಗಿ ಒಡೆಯತ್ತೆ. ಗೋಡೆಗೆ ನೇತುಹಾಕೋದಾದರೆ ಇವತ್ತೇ ನಿಲ್ಲಿಸು. ಮುಂದುವರಿಸೋದಾದರೆ ಆ ಚರ್ಮ ಕಿತ್ತುಹಾಕು, ಬೇರೆ ಕೊಡ್ತೀನಿ. ಪಕ್ಕದ ಹಾಳೆ ಇನ್ನೂ ಕತ್ತರಿಸಿಲ್ಲ. ಯಾರ ಕಾಲಿಗೆ ಕತ್ತರಿಸಲಿ ಅಂತ ಹೇಳು."

ಟಿಕೆಟ್ಟಿನ ವಿಷಯ ಓದಿದೆ. ಹೋಗಬೇಡ ಅನ್ನುವ ಮುಖ ನನಗಿಲ್ಲ. ಚರ್ಮ ಕೀಳಲೇ ಬೇಡವೇ, ಅದನ್ನಾದರೂ ಹೇಳು.

ಮಧು


ಓಜಿಮಾ
27 ಅಕ್ಟೋಬರ್ 2024

ರೀ,

ಹಸಿ ಚರ್ಮಕ್ಕೆ ಕುಂಕುಮ ಇಡುವವರನ್ನು ಈ ಜಪಾನ್ ದೇಶ ಈ ಮೊದಲು ಕಂಡಿರಲಾರದು. ಇಂಜಿನಿಯರಂತೆ! ಅತ್ತೆಗೆ ಹೇಳುವುದಿಲ್ಲ, ಹೆದರಬೇಡಿ.

ಕೀಳಬೇಡಿ. ಇಟ್ಟ ಕುಂಕುಮವನ್ನು ಅಳಿಸಬಾರದು.

ಈ ಕವರಿನಲ್ಲಿ ಒಂದು ದಾರ ಇದೆ. ಅಂಕಿ ಬರೆಯಲು ಮನಸ್ಸಾಗಲಿಲ್ಲ. ನಮ್ಮಮ್ಮ ಬಳೆಗಾರನಿಗೂ ಟೈಲರಿಗೂ ಹೀಗೇ ದಾರ ಕತ್ತರಿಸಿ ಕಳಿಸುತ್ತಿದ್ದಳು. ಒಂದು ತುದಿ ಸೊಂಟ, ಗಂಟು ಹಾಕಿದ ತುದಿ ಮೊಣಕಾಲು. ಎಳೆದು ಹಿಡಿಯಬೇಡಿ, ಸಡಿಲ ಬಿಟ್ಟು ಅಳೆಯಿರಿ.

ಹಾಮಾದಾ-ಸಾನ್‌ಗೆ ಹೇಳಿ, ಕುದುರೆ ಇಷ್ಟವಾಯಿತು ಅಂತ. ನನ್ನ ಮನೆ ಬೀಗದ ಕೈಗೆ ಹಾಕಿಕೊಂಡಿದ್ದೇನೆ.

ನೀರಜಾ


ಹಿದಾಕಾ
24 ನವೆಂಬರ್ 2024

ನೀರೂ,

ದಾರ ಸಿಕ್ಕಿತು. ಹಾಳೆಗಳನ್ನು ಅದೇ ಅಳತೆಗೆ ಕತ್ತರಿಸಿದೆವು. ಹಾಮಾದಾ-ಸಾನ್ ದಾರವನ್ನು ಚರ್ಮದ ಮೇಲೆ ಹಾಸಿ, ಗಂಟು ಬಂದಲ್ಲಿ ಸೀಮೆಸುಣ್ಣದ ಗುರುತು ಹಾಕಿದರು. ಚಾಕು ಹಿಡಿಯಲು ನನಗೆ ಹೇಳಿದರು. ಕತ್ತರಿಸಿ ಆದ ಮೇಲೆ ದಾರವನ್ನು ವಾಪಸ್ ಕೊಟ್ಟರು, ಅದು ನನ್ನ ಅಂಗಿಯ ಜೇಬಿನಲ್ಲಿದೆ.

ಕಲೆಯನ್ನು ಬಿಟ್ಟಿದ್ದೇವೆ. ಅಳಿಸಬಾರದು ಅಂತ ನೀನು ಬರೆದದ್ದನ್ನು ಹೇಳಿದಾಗ ಅವರು ಹಲ್ಲು ಕಚ್ಚಿಕೊಂಡು ಒಪ್ಪಿದರು. "ಇದನ್ನ ಮಾಡಿದ್ದು ನಾನಲ್ಲ ಅಂತ ಕೇಳಿದವರಿಗೆಲ್ಲ ಹೇಳ್ತೀನಿ" ಅಂದರು. ಎಣ್ಣೆ ಕುಡಿಸಿದ ಮೇಲೆ ಚರ್ಮ ಕಂದಾಯಿತು, ಬೊಟ್ಟು ಇನ್ನೂ ಗಾಢವಾಯಿತು.

ಕೊನೆಯ ಕೆಲಸ ಅಡಿಯ ದಿಂಬುಗಳದು. ಎರಡು ಉದ್ದ ದಿಂಬು, ಒಳಗೆ ಉಣ್ಣೆ. ಗಂಟಿಲ್ಲದಂತೆ ಬಿಡಿಸಿ, ಉದ್ದ ಕಬ್ಬಿಣದ ಕಡ್ಡಿಯಿಂದ ಒಂದೊಂದೇ ಹಿಡಿ ತಳ್ಳಬೇಕು. ಎರಡರ ನಡುವೆ ಕಾಲುವೆಯಂತೆ ಜಾಗ ಇರಲೇಬೇಕು, ಭಾರ ಬೆನ್ನುಮೂಳೆಯ ಮೇಲೆ ಬೀಳಕೂಡದು. ನಾನು ತುಂಬಿ ತುಂಬಿ ಆ ಜಾಗವನ್ನೇ ಮುಚ್ಚಿಬಿಟ್ಟಿದ್ದೆ. ಎಲ್ಲ ತೆಗೆಸಿ ಮತ್ತೆ ತುಂಬಿಸಿದರು.

ಗುರುವಾರ ಯುಜುವಿನ ಮೇಲೆ ಹಾಕಿದೆವು. ಸರಿಯಾಗಿ ಕೂತಿತು. ಹೊಟ್ಟೆಪಟ್ಟಿ ಬಿಗಿದಾಗ ಅವಳು ಎಂದಿನಂತೆ ಹೊಟ್ಟೆ ಉಬ್ಬಿಸಿದಳು, ಆಮೇಲೆ ಮತ್ತೆ ಗೇಟಿನ ಕಡೆ ತಿರುಗಿದಳು. ಹಗುರವಾದವರು ಕೂತು ಸುಮ್ಮನೆ ನಾಲ್ಕು ಹೆಜ್ಜೆ ನಡೆಸಿದರೆ ಅವಳಿಗೂ ಒಳ್ಳೆಯದು ಅಂತ ಕುದುರೆ ಡಾಕ್ಟರು ಹೇಳಿದ್ದಾರೆ. ನಾನು ದಪ್ಪ, ನನಗೆ ಆ ಜೀನು ಚಿಕ್ಕದು. "ಕೂರುವವರನ್ನ ನೀನೇ ಹುಡುಕು" ಅಂದರು ಹಾಮಾದಾ-ಸಾನ್. ತೆಗೆದು ಒಳಗಿಟ್ಟೆವು.

ಜೀನು ಮುಗಿಯಿತು. ಮುಗಿದ ಮೇಲೆ ಏನಾದರೂ ಅನಿಸಬಹುದು ಅಂದುಕೊಂಡಿದ್ದೆ. ಏನೂ ಅನಿಸುತ್ತಿಲ್ಲ. ನಿನ್ನೆ ಇಡೀ ದಿನ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕು ಅಂತ ತಿಳಿಯಲಿಲ್ಲ. ಹಿಮ ಬೀಳುತ್ತಿದೆ.

ಇಪ್ಪತ್ತನೇ ತಾರೀಕು ಏರ್‌ಪೋರ್ಟಿಗೆ ಬರುತ್ತೇನೆ. ನಿನ್ನ ಸಾಮಾನು ಹೊರುವುದಕ್ಕಾದರೂ.

ಮಧು


ಓಜಿಮಾ
8 ಡಿಸೆಂಬರ್ 2024

ರೀ,

ಆ ದಾರ ರಕ್ಷಾಳ ಪ್ಯಾಂಟಿನ ಅಳತೆಯದ್ದಲ್ಲ.

ಆವತ್ತು ಇಸ್ತ್ರಿ ಮೇಜು ಸರಿಸಿದೆ, ಕಪಾಟಿನ ಹಿಡಿಗೆ ಕೈ ಹಾಕಿದೆ, ತೆರೆಯಲು ಆಗಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ನನ್ನ ಕಾಲಿಗೇ ದಾರ ಹಿಡಿದು ಕತ್ತರಿಸಿದೆ. ನಿಮಗೆ ಮೋಸ ಮಾಡಬೇಕು ಅಂತಲ್ಲ. ಎರಡೂ ಒಂದೇ ಅಂತ ನನಗೆ ಗೊತ್ತಿತ್ತು. ಹೊಸ ವರ್ಷದ ದಿನ ನಾವಿಬ್ಬರೂ ಕನ್ನಡಿ ಮುಂದೆ ಬೆನ್ನಿಗೆ ಬೆನ್ನು ಹಚ್ಚಿ ನಿಂತಿದ್ದೆವು, ನೀವು ತಲೆ ಮೇಲೆ ಪುಸ್ತಕ ಇಟ್ಟು ನೋಡಿ "ಟೈ" ಅಂದಿದ್ದಿರಿ. ಅವಳು ಕುಣಿದಾಡಿದ್ದಳು. "ಅಮ್ಮ ಚೀಸಾಯ್! ನೆಕ್ಸ್ಟ್ ಇಯರ್ ನಾನೇ ಬಿಗ್!" ಅಂತ. ನಲವತ್ತು ದಾಟಿದ ಕುಳ್ಳಿಯನ್ನು ಅಪ್ಪ ಮಗಳು ಸೇರಿ ದಿನವಿಡೀ ಆಡಿಕೊಂಡಿರಿ. ಆಮೇಲೆ ಎರಡೇ ವಾರ. ಅಷ್ಟರಲ್ಲಿ ಎಷ್ಟು ಬೆಳೆದಾಳು.

ನಿಮ್ಮ ಕಾಗದ ಬಂದ ಮೇಲೆ ನಿನ್ನೆ ಕಪಾಟು ತೆರೆದೆ. ಪ್ಯಾಂಟು ಮೇಲೇ ಇತ್ತು. ಅಂಚನ್ನು ಬಿಚ್ಚಿ ಉದ್ದ ಮಾಡಿದ್ದೆನಲ್ಲ ಹೋದ ಡಿಸೆಂಬರಿನಲ್ಲಿ, ಹೊಸ ಹೊಲಿಗೆ ಹೊಸದಾಗಿಯೇ ಇದೆ. ಹಾಕಿಕೊಂಡೆ. ಜಿಪ್ಪು ಸಲೀಸಾಗಿ ಹತ್ತಿತು, ನಾನು ಅಷ್ಟು ಇಳಿದಿದ್ದೇನೆ. ಮೊಣಕಾಲಿನ ತೇಪೆ ನನ್ನ ಮೊಣಕಾಲಿಗೇ ಬಂತು. ಜೇಬಿಗೆ ಕೈ ಹಾಕಿದರೆ ಒಣಗಿ ಕಡ್ಡಿಯಾದ ಒಂದು ಚೂರು ಕ್ಯಾರೆಟ್. ಯುಜುಗೆ ಅಂತ ಫ್ರಿಜ್ಜಿನಿಂದ ಕದ್ದದ್ದು. ಎಷ್ಟು ಸಲ ಬೈದಿದ್ದೆ ನಾನು, ಜೇಬಲ್ಲಿ ತರಕಾರಿ ತುಂಬಬೇಡ್ವೇ ಅಂತ.

ಅಳು ಬಂತು ಅಂದುಕೊಳ್ಳಬೇಡಿ, ಬರಲಿಲ್ಲ. ಹಸಿವಾಯಿತು ರೀ. ಹೊಟ್ಟೆಯೊಳಗೆ ಯಾರೋ ಹಿಂಡಿದಂಥ ಹಸಿವು. ಆ ಪ್ಯಾಂಟಿನಲ್ಲೇ ಅಡುಗೆಮನೆಗೆ ಹೋಗಿ, ಅನು ಕೊಟ್ಟಿದ್ದ ಬಿಸಿಬೇಳೆಬಾತನ್ನು ಬಿಸಿ ಕೂಡ ಮಾಡದೆ ಡಬ್ಬಿಯಿಂದಲೇ ನಿಂತುಕೊಂಡು ತಿಂದೆ. ಉಪ್ಪು ಜಾಸ್ತಿ ಹಾಕಿದ್ದಾಳೆ. ಇಷ್ಟು ತಿಂಗಳೂ ಜಾಸ್ತಿಯೇ ಹಾಕುತ್ತಿದ್ದಳೇನೋ, ನನಗೆ ಗೊತ್ತೇ ಆಗಿರಲಿಲ್ಲ.

ಟಿಕೆಟನ್ನು ಫೆಬ್ರವರಿಗೆ ಮುಂದೂಡಿದ್ದೇನೆ. ರದ್ದು ಮಾಡಿಲ್ಲ, ಜಾಸ್ತಿ ಹಿಗ್ಗಬೇಡಿ. ಈ ತಿಂಗಳು ಹದಿನಾಲ್ಕಕ್ಕೆ ಅಲ್ಲಿಗೆ ಬರುತ್ತೇನೆ. ಹುಟ್ಟಿದಾಗಿನಿಂದ ಕುದುರೆ ಹತ್ತಿದವಳಲ್ಲ, ಮೈಸೂರಿನಲ್ಲಿ ಟಾಂಗಾ ಹತ್ತಲೂ ಹೆದರುತ್ತಿದ್ದೆ. ಕೈ ಬಿಡದೆ ಹಿಡಿದುಕೊಳ್ಳಬೇಕು. ಬಿದ್ದರೆ ನಿಮ್ಮನ್ನು ಸುಮ್ಮನೆ ಬಿಡುವುದಿಲ್ಲ. ಆ ಕ್ಯಾರೆಟ್ ಚೂರು ಜೇಬಿನಲ್ಲೇ ಇದೆ, ಅದನ್ನು ಯುಜುಗೆ ಕೊಡುವುದಿಲ್ಲ. ಅವಳಿಗೆ ಬೇರೆ ತರುತ್ತೇನೆ.

ವಿಮಾನ ಎಷ್ಟು ಹೊತ್ತಿಗೆ, ಅಲ್ಲಿಂದ ಬಸ್ಸೋ ರೈಲೋ, ಚಳಿಗೆ ಏನು ಹಾಕಿಕೊಳ್ಳಬೇಕು, ಇದನ್ನೆಲ್ಲ ಬರೆದು ಕಳಿಸಿ ಉತ್ತರ ಬರುವಷ್ಟರಲ್ಲಿ ಹದಿನಾಲ್ಕು ಕಳೆದೇ ಹೋಗುತ್ತದೆ.

ಫೋನ್ ಮಾಡಿ. ಎತ್ತುತ್ತೇನೆ.

ನಿಮ್ಮ
ನೀರೂ